ಶಿವಗಂಗಮ್ಮನ ಕಾರಿನ ಹಳದಿ ದೀಪ

ಹೊಸದುರ್ಗದ ನಮ್ಮ ಬೀದಿಯಲ್ಲಿ ಕಾರು ಓಡಿಸಿದ ಮೊದಲ ಹೆಂಗಸು ಶಿವಗಂಗಮ್ಮ. ಆಸೆಪಟ್ಟು ಕಲಿತದ್ದಲ್ಲ, ನಲವತ್ತೇಳನೇ ವಯಸ್ಸಿನಲ್ಲಿ, ಬೇರೆ ದಾರಿ ಕಾಣದೆ ಕಲಿತದ್ದು. ಗಂಡ ಮುರುಗಪ್ಪನವರ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಚಿತ್ರದುರ್ಗದ ಆಸ್ಪತ್ರೆಯೊಂದರಲ್ಲಿ ಡಯಾಲಿಸಿಸ್ ಆಗಬೇಕಿತ್ತು. ಬೆಳಿಗ್ಗೆ ಹೋಗುವಾಗ ಬಸ್ಸಾದರೂ ನಡೆಯುತ್ತಿತ್ತು. ತಾಸುಗಟ್ಟಲೆ ಯಂತ್ರಕ್ಕೆ ಮೈಯೊಡ್ಡಿ ಎದ್ದ ಮನುಷ್ಯ ವಾಪಸು ಬರುವಾಗ ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲುವುದು ಆಗದ ಮಾತು.

ಮುರುಗಪ್ಪ ಸ್ವತಃ ಡ್ರೈವರು. ನಮ್ಮ ತಾಲೂಕಿನ ಮತ್ತೋಡು ಕಡೆಯ ತೆಂಗಿನಕಾಯಿ, ಕೊಬ್ಬರಿಯನ್ನು ಸ್ವಂತ ಟೆಂಪೋದಲ್ಲಿ ಹಿರಿಯೂರು, ತಿಪಟೂರಿಗೆ ಸಾಗಿಸುತ್ತ ಇಪ್ಪತ್ತು ವರ್ಷಕ್ಕೂ ಹೆಚ್ಚು ಸ್ಟೇರಿಂಗ್ ಹಿಡಿದವರು. ಕಾಯಿಲೆ ಬಂದ ಮೇಲೆ ಟೆಂಪೋ ಹೋಗಿ ಅದರ ಜಾಗಕ್ಕೆ ಸೆಕೆಂಡ್ ಹ್ಯಾಂಡ್ ಬಿಳಿ ಕಾರೊಂದು ಬಂತು. ಅದನ್ನು ತಾವೇ ಓಡಿಸುವ ಎಣಿಕೆ ಅವರದು. ಆದರೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿತ್ತು, ಸೂಜಿ ಚುಚ್ಚಲೆಂದು ಎಡಗೈಯ ರಕ್ತನಾಳಗಳನ್ನು ಜೋಡಿಸಿದ್ದರಿಂದ ಆ ಕೈಗೆ ಬಲ ಹಾಕುವಂತಿರಲಿಲ್ಲ. ಡಾಕ್ಟರು ಸ್ಟೇರಿಂಗ್ ಮುಟ್ಟಲೇಬೇಡಿ ಎಂದುಬಿಟ್ಟರು. ಶುರುವಿನಲ್ಲಿ ಮುರುಗಪ್ಪನವರ ತಮ್ಮ ಬಸವೇಶ್ ಕರೆದುಕೊಂಡು ಹೋಗುತ್ತಿದ್ದ. ಅವನದು ಗೊಬ್ಬರದ ಅಂಗಡಿ. 2006ರ ಮುಂಗಾರು ಬಿದ್ದು ಬಿತ್ತನೆ ಶುರುವಾದ ಮೇಲೆ ಅವನಿಗೆ ಗಲ್ಲಾ ಬಿಟ್ಟು ಏಳಲಾಗಲಿಲ್ಲ.

ಶಿವಗಂಗಮ್ಮ ಯಾರನ್ನೂ ಕೇಳಲಿಲ್ಲ. ಡ್ರೈವಿಂಗ್ ಸ್ಕೂಲಿಗೆ ಹೋಗಿ ಹೆಸರು ಬರೆಸಿದರು. ಸಂತೆಯಿಲ್ಲದ ದಿನ ಎಪಿಎಂಸಿ ಯಾರ್ಡಿನಲ್ಲಿ ಸುತ್ತು ಹಾಕಿ ಹಾಕಿ ಕಲಿತರು. ಪಕ್ಕದ ಸೀಟಿನಲ್ಲಿ ಮುರುಗಪ್ಪ ಕೂತು ಗದರುತ್ತಿದ್ದುದು ಯಾರ್ಡಿನ ಹಮಾಲರಿಗೆಲ್ಲ ಕೇಳಿಸುತ್ತಿತ್ತು. ದೀಪಾವಳಿ ಹೊತ್ತಿಗೆ ಲೈಸೆನ್ಸ್ ಕೈಗೆ ಬಂತು. ಅಲ್ಲಿಂದ ಮುಂದೆ ಹೊಸದುರ್ಗ, ಹೊಳಲ್ಕೆರೆ, ನಾವು ದುರ್ಗ ಎನ್ನುವ ಚಿತ್ರದುರ್ಗ, ಮತ್ತೆ ಹೊಳಲ್ಕೆರೆ, ಮನೆ. ಅದೇ ಅವರ ಬದುಕಾಯಿತು.

ಮೊದಲ ಸಲ ಆ ಹಳದಿ ದೀಪ ಹತ್ತಿದ್ದು ಮರುವರ್ಷ ಮಾರ್ಚ್ ತಿಂಗಳ ಬಿಸಿಲಿನಲ್ಲಿ. ಡಯಾಲಿಸಿಸ್ ಮುಗಿಸಿ ಬರುವಾಗ ಹೊಳಲ್ಕೆರೆ ಸಮೀಪಿಸುತ್ತಿದ್ದಂತೆ ಮುರುಗಪ್ಪನವರಿಗೆ ಹೊಟ್ಟೆ ತೊಳಸುತ್ತಿತ್ತು, ಕಣ್ಣು ಕತ್ತಲೆ ಬರುತ್ತಿತ್ತು. ರಸ್ತೆ ಬದಿಯ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ, ಸೀಟು ಹಿಂದಕ್ಕೆ ಚಾಚಿ, ಸ್ವಲ್ಪ ಹೊತ್ತು ಅವರನ್ನು ಮಲಗಿಸಿಕೊಂಡು ಹೊರಡುವುದು ರೂಢಿ. ಅವತ್ತೂ ಹಾಗೇ ಹೊರಟರು. ಎರಡು ಮೈಲಿ ಬಂದಿರಬೇಕು, ಕಾರು ಒಮ್ಮೆ ಮುಗ್ಗರಿಸಿದ ಹಾಗೆ ಜಗ್ಗಿತು. ಮುಂದೆ, ಸ್ಪೀಡೋಮೀಟರಿನ ಪಕ್ಕದಲ್ಲಿ, ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡಿತು.

"ಏನೇ ಅದು?" ಮುರುಗಪ್ಪ ಎದ್ದು ಕೂತರು.

"ಗೊತ್ತಿಲ್ಲ ಕಣ್ರಿ. ತಾನೇ ಹತ್ಕಂತು."

"ತಾನೇ ಹತ್ಕಳಕ್ಕೆ ಅದೇನು ಬೀದಿ ದೀಪನಾ? ಕ್ಲಚ್ ಮೇಲಿಂದ ಕಾಲು ತೆಗಿ. ಅರ್ಧ ಕ್ಲಚ್ಚಲ್ಲಿ ಓಡ್ಸಿ ಎಂಜಿನ್ ಸುಡ್ತಿದೀಯ ನೀನು."

ಕಾಲು ಕ್ಲಚ್ಚಿನ ಮೇಲೆ ಇರಲೇ ಇಲ್ಲ. ಆದರೂ ಶಿವಗಂಗಮ್ಮ ಕಾಲನ್ನು ಇನ್ನಷ್ಟು ಈಚೆ ಎಳೆದುಕೊಂಡರು. ಮನೆ ಮುಟ್ಟುವವರೆಗೆ ಕಾರು ಎರಡು ಸಲ ಜಗ್ಗಿತು. ದೀಪ ಆರಲಿಲ್ಲ.

ಬಸ್ ಸ್ಟ್ಯಾಂಡಿನ ಹಿಂದೆ ಗ್ಯಾರೇಜು ಇಟ್ಟಿದ್ದ ಜಂಬಣ್ಣ ಮುರುಗಪ್ಪನವರ ಟೆಂಪೋ ಕಾಲದಿಂದ ಪರಿಚಯ. ಅವನು ಬ್ಯಾಟರಿಯ ವೈರು ಬಿಚ್ಚಿ, ಒಂದಿಷ್ಟು ಹೊತ್ತು ಬಿಟ್ಟು ಮತ್ತೆ ಹಾಕಿದ. ದೀಪ ಆರಿತು. ಮತ್ತೋಡಿನವರೆಗೂ ಓಡಿಸಿ ನೋಡಿ ಬಂದ. "ಗಾಡಿ ಬೆಣ್ಣೆ ಇದ್ದಂಗೈತೆ ಅಕ್ಕ. ಏನಿಲ್ಲ, ಹೋಗ್ರಿ" ಎಂದ.

ಮುಂದಿನ ವಾರ ವಾಪಸು ಬರುವಾಗ ಮತ್ತೆ ಅದೇ. ದುರ್ಗದ ಸರ್ವಿಸ್ ಸೆಂಟರಿನಲ್ಲಿ ಬಿಟ್ಟರು. ಅಲ್ಲಿ ಕಂಪ್ಯೂಟರಿನ ವೈರು ಸಿಕ್ಕಿಸಿ ನೋಡಿದ ಹುಡುಗ, ಎಂಜಿನ್ ತಿರುಗುವುದನ್ನು ಲೆಕ್ಕ ಇಡುವ ಒಂದು ಸೆನ್ಸಾರಿನ ಮೇಲೆ ದೂರು ತೋರಿಸುತ್ತಿದೆ ಎಂದ. ಗಾಡಿಯನ್ನು ಒಂದು ದಿನ ಇಟ್ಟುಕೊಂಡು, ಮಾರನೆಯ ಬೆಳಿಗ್ಗೆ ಆ ಸೆನ್ಸಾರನ್ನು ಅಳೆದು ನೋಡಿದರು. ಸರಿಯಾಗಿತ್ತು. ಪ್ಲಗ್ಗು ಬದಲಿಸಿದರು, ದೀಪ ಅಳಿಸಿದರು, ಒಳ್ಳೆಯ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿ ಎಂದು ಬುದ್ಧಿ ಹೇಳಿ ಕಳಿಸಿದರು. ಬಂಕು ಬದಲಾಯಿತು. ದೀಪ ಮತ್ತೆ ಬಂತು.

ಏಪ್ರಿಲಿನಲ್ಲಿ ಒಂದು ದಿನ ಬಸವೇಶನೇ ಬಿಡುವು ಮಾಡಿಕೊಂಡು, "ನಾನೇ ಓಡಿಸಿ ನೋಡ್ತೀನಿ ತಡೀರಿ ಅತ್ತಿಗೆ" ಎಂದು ಅಣ್ಣನನ್ನು ಕರೆದುಕೊಂಡು ಹೋಗಿ ಬಂದ. ಶಿವಗಂಗಮ್ಮ ಮನೆಯಲ್ಲೇ ಉಳಿದು, ಕಾರಿನ ಸದ್ದಿಗಾಗಿ ಕಿವಿಗೊಟ್ಟು ಕೂತಿದ್ದರು. ದೀಪ ಹತ್ತಿದರೆ ಸಾಕಪ್ಪ ದೇವರೇ ಎಂದು ಒಳಗೊಳಗೇ ಬೇಡಿಕೊಂಡರಂತೆ. ಬಸವೇಶ್ ಕೀಲಿ ತಂದು ಗೂಟಕ್ಕೆ ನೇತು ಹಾಕಿದ.

"ಏನೂ ಇಲ್ಲ ಅತ್ತಿಗೆ. ಹೋಗ್ತಾನೂ ಇಲ್ಲ, ಬರ್ತಾನೂ ಇಲ್ಲ."

ಮುರುಗಪ್ಪ ಗೋಡೆ ಕಡೆ ತಿರುಗಿ ಮಲಗಿದರು. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ ಎಂದು ಶಿವಗಂಗಮ್ಮ ಆಮೇಲೆ ನಮ್ಮ ತಾಯಿಯ ಹತ್ತಿರ ಹೇಳಿದ್ದುಂಟು.

ಅಲ್ಲಿಂದ ಆ ಪ್ರಯಾಣ ಶಿಕ್ಷೆಯಾಯಿತು. ಮುರುಗಪ್ಪನವರ ಕಣ್ಣು ರಸ್ತೆಯ ಮೇಲೆ ಇರುತ್ತಿರಲಿಲ್ಲ. ಆಕೆಯ ಕಾಲುಗಳ ಮೇಲೆ ಇರುತ್ತಿತ್ತು. ಗೇರ್ ಬದಲಿಸಿದಾಗಲೆಲ್ಲ ಅವರು ಉಸಿರು ಬಿಗಿಹಿಡಿಯುವುದು ಆಕೆಗೆ ಕೇಳಿಸುತ್ತಿತ್ತು. ಆ ವರ್ಷಗಳಲ್ಲಿ ಆ ರಸ್ತೆ ತುಂಬ ಅದಿರು ಲಾರಿಗಳು. ಹಿಂದಿನಿಂದ ಒಂದು, ಮುಂದಿನಿಂದ ಒಂದು, ನಡುವೆ ಕೆಂಪು ಧೂಳು. ಆ ಧೂಳಿನಲ್ಲೇ ಕಾರು ಜಗ್ಗುತ್ತಿತ್ತು. ಸ್ಟೇರಿಂಗಿಗೆ ಸುತ್ತಿದ ಬಟ್ಟೆ ಆಕೆಯ ಅಂಗೈ ಬೆವರಿಗೆ ಒದ್ದೆಯಾಗುತ್ತಿತ್ತು.

ಮೇ ತಿಂಗಳಲ್ಲಿ ರೈಲ್ವೆ ಗೇಟಿನ ಪ್ರಸಂಗ ನಡೆಯಿತು.

ಹೊಳಲ್ಕೆರೆ ದಾಟಿ ಬರುವಾಗ ಗೇಟು ಹಾಕಿತ್ತು. ಸಾಲಿನಲ್ಲಿ ಇವರದೇ ಮೊದಲ ಗಾಡಿ. "ಆಫ್ ಮಾಡು. ಗೇಟು ಹಾಕಿದ ಮೇಲೆ ಎಂಜಿನ್ ಓಡಿಸ್ಕಂಡು ನಿಲ್ಲೋದು ಯಾವ ಊರಿನ ಪದ್ಧತಿ?" ಎಂದರು ಮುರುಗಪ್ಪ. ಆಫ್ ಮಾಡಿದರು. ರೈಲು ಬೇಗ ಬರಲಿಲ್ಲ. ಬಾನೆಟ್ಟಿನ ಮೇಲೆ ಬಿಸಿಲಿನ ಝಳ ಕುಣಿಯುತ್ತಿತ್ತು. ಕೊನೆಗೆ ಉದ್ದನೆಯ ಗೂಡ್ಸ್ ಹೋಯಿತು, ಗೇಟು ಎದ್ದಿತು. ಹಿಂದಿನ ಲಾರಿಗಳು ಒಟ್ಟಿಗೆ ಹಾರನ್ ಹೊಡೆದವು. ಶಿವಗಂಗಮ್ಮ ಕೀಲಿ ತಿರುಗಿಸಿದರು, ಎಂಜಿನ್ ಸ್ಟಾರ್ಟ್ ಆಯಿತು. ಮೊದಲ ಗೇರಿನಲ್ಲಿ ಹಳಿಗಳ ಮೇಲೆ ಏರಿದರು. ಮುಂದಿನ ಚಕ್ರ ಹಳಿ ದಾಟಿತು. ಹಿಂದಿನ ಚಕ್ರ ದಾಟುವ ಮೊದಲೇ ಎಂಜಿನ್ ಸತ್ತುಹೋಯಿತು.

ಕೀಲಿ ತಿರುಗಿಸಿದರು. ಸ್ಟಾರ್ಟರ್ ತಿರುಗುತ್ತಿದೆ, ಎಂಜಿನ್ ಹಿಡಿಯುತ್ತಿಲ್ಲ. ಮತ್ತೆ ತಿರುಗಿಸಿದರು.

"ಇಳೀರಿ! ನೀವು ಮೊದ್ಲು ಇಳೀರಿ!" ಎಂದು ಗಂಡನಿಗೆ ಕೂಗಿದರು. ಡಯಾಲಿಸಿಸ್ ಮುಗಿಸಿದ ಮನುಷ್ಯನಿಗೆ ಬಾಗಿಲಿನ ಹಿಡಿ ಎಳೆಯುವ ಶಕ್ತಿ ಇರಲಿಲ್ಲ. ಗೇಟಿನವನು ಹಸಿರು ಬಾವುಟ ಕೈಯಲ್ಲೇ ಹಿಡಿದು ಓಡಿಬಂದ. ಎದುರಿನ ಸಾಲಿನ ಮೂವರು, ಹಿಂದಿನ ಲಾರಿಯ ಕ್ಲೀನರು ಸೇರಿ ಕಾರನ್ನು ನೂಕಿ ಹಳಿಯಿಂದ ಆಚೆ ದಾಟಿಸಿದರು. ಬೇರೆ ರೈಲೇನೂ ಬರಲಿಲ್ಲ. ಶಿವಗಂಗಮ್ಮ ಇಳಿದು ಬಂದು ಗಂಡನ ಕಡೆಯ ಬಾಗಿಲು ತೆರೆದರು.

"ಹೆಂಗಸ್ರ ಕೈಗೆ ಗಾಡಿ ಕೊಟ್ಟು ಪಕ್ಕದಲ್ಲಿ ಕುಂತ್ಕಂಡಿದೀರಲ್ಲ ಯಜಮಾನ್ರೇ" ಎಂದ ಗೇಟಿನವನು. ಮುರುಗಪ್ಪ ತಲೆ ಎತ್ತಲಿಲ್ಲ. ನೆರಳಿನಲ್ಲಿ ತುಂಬ ಹೊತ್ತು ನಿಂತ ಮೇಲೆ ಕಾರು, ಏನೂ ಆಗೇ ಇಲ್ಲವೆಂಬಂತೆ, ಒಂದೇ ಕೀಲಿಗೆ ಸ್ಟಾರ್ಟ್ ಆಯಿತು.

ಅವತ್ತು ಸಂಜೆ ಬಸವೇಶ್ ಬಂದ. ಅಣ್ಣ ತಮ್ಮ ಜಗಲಿಯಲ್ಲಿ ಕೂತು ಮಾತಾಡಿಕೊಂಡರು. ಕಾರನ್ನು ಮಾರಿಬಿಡುವುದು, ವಾರಕ್ಕೆರಡು ದಿನ ಬಾಡಿಗೆ ಗಾಡಿ ಗೊತ್ತು ಮಾಡುವುದು. ಹಿರಿಯೂರಿನಲ್ಲಿ ಗಿರಾಕಿ ಇದ್ದಾನೆ ಎಂದ ಬಸವೇಶ್. ಒಳಗೆ ರೊಟ್ಟಿ ತಟ್ಟುತ್ತಿದ್ದ ಶಿವಗಂಗಮ್ಮನಿಗೆ ಪ್ರತಿ ಮಾತೂ ಕೇಳಿಸುತ್ತಿತ್ತು. ಹಂಚಿನ ಮೇಲೆ ರೊಟ್ಟಿ ಸೀಯಿತು. ಅದನ್ನು ತೆಗೆದು ಪಕ್ಕಕ್ಕಿಟ್ಟು ಒಲೆ ಆರಿಸಿದರು. ತಟ್ಟಿದ್ದ ಇನ್ನೊಂದು ಹಸಿ ರೊಟ್ಟಿಯನ್ನು ಮರೆವಿನಲ್ಲಿ ಅದೇ ಹಂಚಿಗೆ ಹಾಕಿದರು. ಬೆಂಕಿ ಇಲ್ಲದಿದ್ದರೂ ಅದು ಬೇಯುತ್ತಲೇ ಇತ್ತು. ನೋಡುತ್ತಿದ್ದಂತೆ ಅಂಚು ಕಪ್ಪಾಯಿತು.

ಆಕೆ ಹಿಟ್ಟಿನ ಕೈಯಲ್ಲೇ ಜಗಲಿಗೆ ಬಂದರು.

"ಒಂದ್ ಮಾತು ಕೇಳ್ತೀನಿ, ನಿಜ ಹೇಳ್ರಿ. ಬಸವೇಶ ಕರ್ಕಂಡು ಹೋದ ದಿನ ಹೊಳಲ್ಕೆರೆ ಹತ್ರ ಗಾಡಿ ನಿಲ್ಸಿದ್ರಾ?"

ಬಸವೇಶನೇ ಹೇಳಿದ: "ಇಲ್ಲ ಅತ್ತಿಗೆ. ಎಲ್ಲೂ ನಿಲ್ಸಿಲ್ಲ. ಅಣ್ಣ ಹುಷಾರಾಗೇ ಇದ್ದ."

"ಹುಷಾರಾಗಿದ್ರಾ?" ಶಿವಗಂಗಮ್ಮ ಗಂಡನನ್ನೇ ನೋಡಿದರು. "ಹೊಟ್ಟೆ ತೊಳಸಲಿಲ್ವಾ ಅವತ್ತು?"

"ತೊಳಸ್ತು" ಎಂದರು ಮುರುಗಪ್ಪ, ಬಹಳ ಮೆಲ್ಲಗೆ. "ಅವನ ಕೆಲಸ ಕೆಡಿಸಿ ಕರ್ಕಂಡು ಹೋಗಿದ್ದೆ. ಗಾಡಿ ನಿಲ್ಸು, ಮಲಗ್ತೀನಿ ಅಂತ ಅವನಿಗೆ ಹೆಂಗೆ ಹೇಳ್ಲಿ? ಹಲ್ಲು ಕಚ್ಕಂಡು ಕುಂತಿದ್ದೆ."

ಬಸವೇಶ್ ಬೆಪ್ಪಾಗಿ ಅಣ್ಣನನ್ನು ನೋಡಿದ.

"ದೀಪ ಹತ್ತಿರೋದೆಲ್ಲ ನಿಲ್ಸಿ ಹೊರಟ ಮೇಲೇನೆ" ಎಂದರು ಶಿವಗಂಗಮ್ಮ. "ಇವತ್ತು ಗೇಟಲ್ಲೂ ನಿಂತಿದ್ವಿ. ಬಿಸಿ ಗಾಡಿ ನಿಲ್ಸಿದ್ರೆ ಗಾಳಿ ಇಲ್ದೆ ಒಳಗೆ ಇನ್ನೂ ಬಿಸಿ ಆಗ್ತೈತೆ. ಪೂರ್ತಿ ತಣ್ಣಗಾದ ಮೇಲೆ ಏನೂ ಇಲ್ಲ. ಹಿರಿಯೂರಿನವನಿಗೆ ಈಗಲೇ ಫೋನ್ ಮಾಡ್ಬೇಡ ಬಸವೇಶ. ಒಂದ್ಸಲ ಜಂಬಣ್ಣನ್ನ ಜೊತೇಲಿ ಕರ್ಕಂಡು ಹೋಗಿ ಬರ್ತೀನಿ."

ಜಂಬಣ್ಣ ಮೊದಲು ಒಪ್ಪಲಿಲ್ಲ. ಗ್ಯಾರೇಜಿನಲ್ಲಿ ಎರಡು ಗಾಡಿ ಬಿಚ್ಚಿ ಹರವಿದ್ದವು. "ನಾನು ಅವತ್ತೇ ಓಡ್ಸಿ ನೋಡೀನಲ್ಲ ಅಕ್ಕ" ಎಂದ.

"ನೀನು ನಿಲ್ಸದೆ ಓಡ್ಸಿದೀಯಪ್ಪ. ನಾವು ಹೆಂಗೆ ಹೋಗ್ತೀವೋ ಹಂಗೆ ಬಾ. ನಾವು ನಿಂತಲ್ಲಿ ನೀನೂ ನಿಲ್ಲು. ಆಮೇಲೂ ನಂದೇ ತಪ್ಪು ಅಂದ್ರೆ ಕೀಲಿ ನಿನ್ ಕೈಗೇ ಕೊಡ್ತೀನಿ."

ಬಂದ. ಹೋಗುವಾಗ ಏನೂ ಆಗಲಿಲ್ಲ. ಡಯಾಲಿಸಿಸ್ ಮುಗಿಯುವವರೆಗೆ ಜಂಬಣ್ಣ ಆಸ್ಪತ್ರೆಯ ಕಾಂಪೌಂಡಿನಲ್ಲಿ ಚಡಪಡಿಸುತ್ತ ತಿರುಗಿದ. ಮಧ್ಯಾಹ್ನದ ಉರಿಬಿಸಿಲಿನಲ್ಲಿ ವಾಪಸು ಹೊರಟರು. ಬೇವಿನ ಮರದ ಕೆಳಗೆ ನಿಲ್ಲಿಸಿ ಮುರುಗಪ್ಪನವರನ್ನು ಮಲಗಿಸಿದರು. ಜಂಬಣ್ಣ ಬಾನೆಟ್ಟಿನ ಮೇಲೆ ಕೈಯಿಟ್ಟು ಸರಕ್ಕನೆ ತೆಗೆದುಕೊಂಡ.

ಹೊರಟರು. ಎಂಜಿನ್ ಸಲೀಸಾಗಿ ಓಡುತ್ತಿತ್ತು. ಒಂದು ಮೈಲಿ, ಎರಡು ಮೈಲಿ. ದೀಪವಿಲ್ಲ. ಕನ್ನಡಿಯಲ್ಲಿ ಜಂಬಣ್ಣನ ಮುಖ ಕಾಣುತ್ತಿತ್ತು. ಅವನು ಕಿಟಕಿಯಾಚೆ ನೋಡುತ್ತ ಕೂತಿದ್ದ. ಶಿವಗಂಗಮ್ಮನ ಕಣ್ಣು ದೀಪದ ಜಾಗದಲ್ಲೇ ಇತ್ತು. ಇವತ್ತು ಬರದಿದ್ದರೆ ಇನ್ನು ತನ್ನ ಮಾತನ್ನು ಯಾರೂ ಕೇಳುವುದಿಲ್ಲ.

"ಅಕ್ಕ, ಇನ್ನು…" ಎಂದು ಜಂಬಣ್ಣ ಶುರು ಮಾಡಿದ್ದ. ಮುಂದೆ ಏರು. ಹಿಂದೆ ಅದಿರು ತುಂಬಿದ ಲಾರಿ. ಕಾರು ಜಗ್ಗಿತು. ಮತ್ತೊಮ್ಮೆ ಜಗ್ಗಿತು. ಹಳದಿ ದೀಪ ಹತ್ತಿತು, ಎಂಜಿನ್ ನಿಂತಿತು.

ಏರಿನಲ್ಲಿ ಕಾರು ಹಿಂದಕ್ಕೆ ಜಾರತೊಡಗಿತು. ಲಾರಿಯ ಹಾರನ್ನು ಕಿವಿಯ ಪಕ್ಕದಲ್ಲೇ ಬಡಿಯಿತು. ಶಿವಗಂಗಮ್ಮ ಎರಡು ಕೈಯಿಂದ ಹ್ಯಾಂಡ್‌ಬ್ರೇಕ್ ಜಗ್ಗಿದರು. ಕಾರು ನಿಂತಿತು. ಲಾರಿ ಬಲಕ್ಕೆ ಎಳೆದುಕೊಂಡು, ಕೆಂಪು ಮಣ್ಣು ಚೆಲ್ಲುತ್ತ, ಬೈಯುತ್ತ ದಾಟಿಹೋಯಿತು.

"ಬ್ರೇಕ್ ಹಂಗೇ ಹಿಡ್ಕಳ್ರಿ!" ಎಂದು ಜಂಬಣ್ಣ ಹಾರಿ ಇಳಿದ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ಬಾನೆಟ್ ಎತ್ತಿದ. ಸರ್ವಿಸ್ ಸೆಂಟರಿನವರು ಹೆಸರು ಹೇಳಿದ್ದ ಸೆನ್ಸಾರು ಎಂಜಿನ್ನಿನ ಮಗ್ಗುಲಲ್ಲಿ, ಹೊಗೆ ಕೊಳವೆಯ ಹತ್ತಿರ, ಹೆಬ್ಬೆರಳಿನಷ್ಟು ದಪ್ಪಕ್ಕೆ ಇತ್ತು.

"ಸ್ಟಾರ್ಟ್ ಮಾಡ್ರಿ."

ತಿರುಗಿತು, ಹಿಡಿಯಲಿಲ್ಲ.

"ಇನ್ನೊಂದ್ಸಲ."

ಹಿಡಿಯಲಿಲ್ಲ.

"ನೀರು ಐತಾ ಅಕ್ಕ?"

ಮುರುಗಪ್ಪನವರಿಗೆ ಡಾಕ್ಟರು ಹೇಳಿದಷ್ಟೇ ಅಳೆದು ಕುಡಿಸುತ್ತಿದ್ದ ನೀರಿನ ಬಾಟಲಿ ಇತ್ತು. ಆಕೆ ಗಂಡನ ಕಡೆ ನೋಡಿದರು. ಅವರು ತಾವೇ ಬಾಟಲಿ ಎತ್ತಿ ಕಿಟಕಿಯಿಂದ ಚಾಚಿದರು. ಜಂಬಣ್ಣ ಹೆಗಲ ಮೇಲಿನ ಟವೆಲ್ ನೆನೆಸಿ, ಸೆನ್ಸಾರಿನ ಮೇಲೆ ಒತ್ತಿ ಹಿಡಿದ. ಚುರ್ ಎಂದಿತು. ಮತ್ತೆ ನೆನೆಸಿದ, ಮತ್ತೆ ಒತ್ತಿದ. ಏರಿನ ಮೇಲಿಂದ ಇನ್ನೊಂದು ಲಾರಿ ಇಳಿದು ಬರುತ್ತಿತ್ತು. ಮುರುಗಪ್ಪ ಕಿಟಕಿಯಿಂದ ಕೈ ಹೊರಗೆ ಹಾಕಿ, ನಿಧಾನ ನಿಧಾನ ಎಂದು ಬೀಸುತ್ತಿದ್ದರು.

"ಈಗ ಮಾಡ್ರಿ!"

ಒಂದೇ ತಿರುವಿಗೆ ಎಂಜಿನ್ ಸ್ಟಾರ್ಟ್ ಆಯಿತು.

ಜಂಬಣ್ಣ ಟವೆಲ್ ಹಿಂಡುವುದನ್ನು ಮರೆತು ನಿಂತಿದ್ದ. ಆಮೇಲೆ ಕಿಟಕಿಯ ಹತ್ತಿರ ಬಂದ. "ಇದೇ ಅಕ್ಕ. ತಣ್ಣಗಿದ್ದಾಗ ಸರಿ ಇರ್ತೈತೆ, ಕಾದ್ರೆ ಬಾಯಿ ಕಟ್ತೈತೆ. ಎಂಜಿನ್ ತಿರುಗ್ತೈತೋ ಇಲ್ವೋ ಅಂತ ಇದೇ ಹೇಳ್ಬೇಕು. ಇದು ಹೇಳ್ದಿದ್ರೆ ಕಂಪ್ಯೂಟ್ರು ಪೆಟ್ರೋಲ್ ಬಿಡಲ್ಲ. ದುರ್ಗದಾಗೆ ಬೆಳಿಗ್ಗೆ ತಣ್ಣಗಿದ್ದಾಗ ಅಳ್ದಾರೆ. ನಾನೂ ತಣ್ಣಗಿದ್ದಾಗಲೇ ಓಡ್ಸೀನಿ." ಸ್ವಲ್ಪ ತಡೆದು ಮುರುಗಪ್ಪನವರ ಕಡೆ ಬಗ್ಗಿದ: "ಕ್ಲಚ್ಚಿಗೂ ಇದಕ್ಕೂ ಏನೂ ಸಂಬಂಧ ಇಲ್ಲ ಅಣ್ಣ."

ಮುರುಗಪ್ಪ ತಲೆಯಾಡಿಸಿದರು ಅಷ್ಟೆ. ಆ ಏರಿನಿಂದ ಮನೆಯವರೆಗೆ ಜಂಬಣ್ಣ ನಡುನಡುವೆ ಇಳಿದು ಟವೆಲ್ ನೆನೆಸುತ್ತ ಬಂದ.

ಹೊಸ ಸೆನ್ಸಾರು ಬೆಂಗಳೂರಿನಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂತು. ಹಾಕಿದರು. ಎಲ್ಲ ಮುಗಿಯಿತು ಎಂದುಕೊಂಡಿದ್ದಾಗ, ಮುಂದಿನ ಪ್ರಯಾಣದಲ್ಲಿ, ವಾಪಸು ಹೊರಟು ದುರ್ಗ ದಾಟುವ ಮೊದಲೇ ದೀಪ ಮತ್ತೆ ಹತ್ತಿತು. ಶಿವಗಂಗಮ್ಮ ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿ, ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಅತ್ತರು. ಮೂರು ತಿಂಗಳಲ್ಲಿ ಅವರು ಅತ್ತದ್ದು ಅದೊಂದೇ ಸಲ.

ಮುರುಗಪ್ಪ ಅಳು ನಿಲ್ಲುವವರೆಗೆ ಕಾದರು. ಆಮೇಲೆ, "ಎಂಜಿನ್ ನಿಂತಿಲ್ವಲ್ಲ, ಓಡ್ತಾ ಐತೆ. ದೀಪ ಅಷ್ಟೇ ಹತ್ತೈತೆ. ಹೋಗಾಣ ನಡಿ, ಜಂಬಣ್ಣನ್ನ ಕೇಳಾಣ" ಎಂದರು.

ಜಂಬಣ್ಣ ನೋಡಿದರೆ ಸೆನ್ಸಾರಿಗೆ ಸಿಕ್ಕಿಸುವ ವೈರಿನ ಪಿನ್ನು ಪೂರ್ತಿ ಕೂತಿರಲಿಲ್ಲ. ತನ್ನದೇ ಅವಸರ ಎಂದು ತಲೆಗೆ ಮೊಟಕಿಕೊಂಡ. ಟಕ್ ಎಂದು ಸದ್ದು ಬರುವ ಹಾಗೆ ಒತ್ತಿ ಕೂರಿಸಿದ. ಆ ದೀಪ ಮತ್ತೆ ಬರಲಿಲ್ಲ. ಆದರೂ ಎಷ್ಟೋ ವಾರ ಶಿವಗಂಗಮ್ಮ ಬೇವಿನ ಮರದಿಂದ ಹೊರಟ ಮೇಲೆ ಏರು ಮುಗಿಯುವವರೆಗೆ ಉಸಿರು ಬಿಡುತ್ತಿರಲಿಲ್ಲ. ಭಯ ಸೆನ್ಸಾರಿನ ಜೊತೆ ಬದಲಾಗಲಿಲ್ಲ. ಅದಕ್ಕೆ ಬೇರೆಯೇ ಸಮಯ ಬೇಕಾಯಿತು.

ಮುರುಗಪ್ಪ ತಪ್ಪಾಯಿತು ಎಂದು ಹೆಂಡತಿಗೆ ಯಾವತ್ತೂ ಹೇಳಲಿಲ್ಲ. ಆ ಕಾಲದ ಗಂಡಸರು ಹಾಗೆಲ್ಲ ಹೇಳುವವರೂ ಅಲ್ಲ. ಶ್ರಾವಣದ ಒಂದು ದಿನ ಆಸ್ಪತ್ರೆಯಲ್ಲಿ, ಪಕ್ಕದ ಹಾಸಿಗೆಯ ಹುಚ್ಚಕ್ಕ ಎಂಬ ಮುದುಕಿ ಬಸ್ಸು ತಪ್ಪುತ್ತದೆ ಎಂದು ಸೂಜಿ ತೆಗೆಯುವ ಮೊದಲೇ ಎದ್ದು ಕೂರಲು ನೋಡುತ್ತಿದ್ದಳು. ಮತ್ತೋಡಿನವಳು. ಅಳಿಯ ಬೆಳಿಗ್ಗೆ ಬಿಟ್ಟು ಹೋಗುತ್ತಿದ್ದ, ವಾಪಸು ಒಬ್ಬಳೇ ಬಸ್ಸು ಹತ್ತಬೇಕು.

"ಮಲಕ್ಕಳ್ರಿ ಹುಚ್ಚಕ್ಕ, ಅವಸರ ಮಾಡ್ಬ್ಯಾಡ್ರಿ" ಎಂದರು ಮುರುಗಪ್ಪ ತಮ್ಮ ಹಾಸಿಗೆಯಿಂದಲೇ. "ನಮ್ ಕಾರಲ್ಲಿ ಹೋಗಾಣ. ನಿಮ್ಮನ್ನ ಮತ್ತೋಡಿಗೇ ಬಿಟ್ಟು ಬರ್ತೀವಿ."

"ಡ್ರೈವರ್ ಇಟ್ಕಂಡಿದೀರಾ ಯಜಮಾನ್ರೇ? ಜೋರಾಗಿ ಓಡಿಸ್ತಾನೇನೋ, ನಂಗೆ ತಲೆ ತಿರುಗ್ತೈತೆ."

"ನಮ್ಮನೆಯಾಕೆ ಓಡಿಸ್ತಾಳೆ. ನೀವು ನಿಲ್ಸು ಅಂದಲ್ಲಿ ನಿಲ್ಲಿಸ್ತಾಳೆ."

ಬಾಗಿಲಲ್ಲಿ ನಿಂತಿದ್ದ ಶಿವಗಂಗಮ್ಮ ಅದನ್ನು ಕೇಳಿಸಿಕೊಂಡು, ಕಾರಿನ ಹಿಂದಿನ ಸೀಟಿನ ಮೇಲಿದ್ದ ಚೀಲಗಳನ್ನು ತೆಗೆಯಲು ಹೋದರು. ಅಂದಿನಿಂದ ಹುಚ್ಚಕ್ಕ ಆ ಸೀಟಿನ ಖಾಯಂ ಗಿರಾಕಿಯಾದಳು.

ಮುರುಗಪ್ಪ 2009ರ ಶಿವರಾತ್ರಿ ಕಳೆದ ಮೇಲೆ, ಮನೆಯಲ್ಲೇ, ನಿದ್ದೆಯಲ್ಲಿ ತೀರಿಕೊಂಡರು. ತಿಥಿ ಮುಗಿದ ವಾರ ಹುಚ್ಚಕ್ಕನ ಅಳಿಯ ಬಾಗಿಲಿಗೆ ಬಂದು, ಕೇಳಲೋ ಬೇಡವೋ ಎಂದು ನಿಂತಿದ್ದ. ಶಿವಗಂಗಮ್ಮ ಅವನಿಗೆ ನೀರು ಕೊಟ್ಟು, "ಅತ್ತೇನ ರೆಡಿ ಮಾಡಿಸಿರಪ್ಪ, ಎಂಟು ಗಂಟೆಗೆ ಬರ್ತೀನಿ" ಎಂದರು. ಮುಂದೆ ಎರಡು ವರ್ಷ, ಹುಚ್ಚಕ್ಕ ಇರುವವರೆಗೂ, ಆ ಬಿಳಿ ಕಾರು ವಾರಕ್ಕೆರಡು ದಿನ ಮತ್ತೋಡಿನಿಂದ ದುರ್ಗಕ್ಕೆ ಹೋಗಿ ಬರುತ್ತಿತ್ತು.